ಕ್ಯಾಸನೂರಿನ ತಪಸ್ಸುಕಾಲ

ಸೊರಬ ಎಂದರೆ ಹೊರಗಿನವರಿಗೆ ಚಂದ್ರಗುತ್ತಿಯ ರೇಣುಕಾಂಬೆ ನೆನಪಾಗುತ್ತಾಳೆ, ಇಲ್ಲವೇ ಗುಡಿಗಾರರ ಗಂಧದ ಕೆತ್ತನೆ. ನಾನು ಮದುವೆಯಾಗಿ ಬಂದ ಶಿಕಾರಿಪುರಕ್ಕೆ ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕ ಇದ್ದಾರೆ. ಆದರೆ ದೂರದೇಶದ ವೈದ್ಯರಿಗೂ ಗೊತ್ತಿರುವ ಹೆಸರು ಇವು ಯಾವುವೂ ಅಲ್ಲ. ಅವರಿಗೆ ಗೊತ್ತಿರುವುದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಆ ಕಾಡಿನ ಹೆಸರನ್ನು ಒಂದು ಜ್ವರಕ್ಕೆ ಇಟ್ಟುಬಿಟ್ಟರು. ನಾವು ಮಾತ್ರ ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ.

1957ರ ಬೇಸಿಗೆಯ ಮೊದಲಿಗೆ ಆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಂಚಿನ ಊರುಗಳಲ್ಲಿ ಜನರೂ ಜ್ವರದಲ್ಲಿ ಮಲಗಿದರು. ಆಫ್ರಿಕಾದ ಹಳದಿ ಜ್ವರವೇ ಬಂದಿತೇನೋ ಎಂದು ಮೊದಲು ಗಾಬರಿಯಾಯಿತಂತೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಹೊಸ ವೈರಸ್ಸು, ಇದನ್ನು ಹರಡುವುದು ಉಣುಗು ಎಂದು ಕಂಡುಹಿಡಿದರು. ಪಟ್ಟಣದ ಸೋದರಿಯರು ಉಣುಗನ್ನು ನಾಯಿಯ ಕಿವಿಯಲ್ಲಿ ನೋಡಿರುತ್ತೀರಿ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಅದರ ಮರಿ. ಸಾಸಿವೆ ಕಾಳಿಗಿಂತ ದೊಡ್ಡದಿರುವುದಿಲ್ಲ. ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಡಾಕ್ಟರುಗಳು ಕಾಡಿನ ನೆಲದ ಮೇಲೆ ಬಟ್ಟೆ ಎಳೆದುಕೊಂಡು ಹೋಗಿ ಅದಕ್ಕೆ ಅಂಟಿದ ಉಣುಗುಗಳನ್ನು ಹೆಕ್ಕುತ್ತಿದ್ದರೆ, ನಮ್ಮೂರ ಹೆಂಗಸರು ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಕ್ಕಿದ್ದರಂತೆ.

ಆ ಹೆಂಗಸರದೂ ನೆಲದ ಮೇಲಿನ ಕೆಲಸವೇ. ಮಲೆನಾಡಿನ ಬೇಸಾಯ ನಿಂತಿರುವುದು ಕೊಟ್ಟಿಗೆಯ ಮೇಲೆ, ಕೊಟ್ಟಿಗೆ ನಿಂತಿರುವುದು ದರಗಿನ ಮೇಲೆ. ಬೇಸಿಗೆಯಲ್ಲಿ ಉದುರಿದ ಒಣ ಎಲೆಯನ್ನು ಗುಡಿಸಿ, ಬುಟ್ಟಿಯಲ್ಲಿ ತುಂಬಿ ತಂದು ದನಗಳ ಕಾಲಡಿಗೆ ಹಾಸಬೇಕು. ಅದೇ ಗೊಬ್ಬರವಾಗಿ ಗದ್ದೆಗೆ, ತೋಟಕ್ಕೆ ಹೋಗುತ್ತದೆ. ದರಗು ಗುಡಿಸುವುದು ಹೆಚ್ಚಾಗಿ ಹೆಂಗಸರ ಪಾಲು, ಸೌದೆಯೂ ಅಷ್ಟೇ. ಉಣುಗಿನ ಮರಿಗಳು ಹೆಚ್ಚುವುದು ಕೂಡ ಮಳೆ ಮುಗಿದು ಚಳಿ ಹಿಡಿದ ಮೇಲಿಂದ ಬೇಸಿಗೆಯ ತನಕ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳಂತೂ ಆ ಜಾಗದಲ್ಲೇ ಕಾದುಕೊಂಡಿರುತ್ತವೆ. ಮಂಗ ಎಂದರೆ ಆಂಜನೇಯ ಎಂದು ಸತ್ತ ಮಂಗನಿಗೆ ಭಕ್ತಿಯಿಂದ ಮಣ್ಣು ಮಾಡಲು ಹೋದವರಿಗೂ ಅಪಾಯ ಅಲ್ಲೇ ಇತ್ತು.

ನಮ್ಮದು ಕೊಂಕಣಿ ಮಾತನಾಡುವ ಕ್ರೈಸ್ತ ಮನೆ. ಕರಾವಳಿಯ ಕ್ರೈಸ್ತರಿಗೂ ಬೇಸಾಯಕ್ಕೂ ನಂಟು ಹಳೆಯದು. 17ನೇ ಶತಮಾನದಲ್ಲಿ ಸೊರಬದ ಸೀಮೆಯನ್ನೂ ಕರಾವಳಿಯನ್ನೂ ಆಳುತ್ತಿದ್ದ ಕೆಳದಿಯ ನಾಯಕರು ಇವರನ್ನು ಒಳ್ಳೆಯ ಬೇಸಾಯಗಾರರೆಂದು ಇಟ್ಟುಕೊಂಡಿದ್ದರು. 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಕೊಟ್ಟಿದ್ದರು. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನ್ ಇವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅದು ಬೂದಿ ಬುಧವಾರ, ಅಂದರೆ ತಪಸ್ಸುಕಾಲದ ಮೊದಲ ದಿನ, ಎಂದು ನಮ್ಮವರಲ್ಲಿ ನಡೆದುಬಂದ ಮಾತು. ಉಳಿದವರು 1799ರ ನಂತರ ಹಿಂದಿರುಗಿದರೂ ಎಷ್ಟೋ ಮನೆಗಳು ಮತ್ತೆ ಮೊದಲಿನಿಂದ ಬೇಸಾಯ ಹೂಡಬೇಕಾಯಿತು. ನಮ್ಮ ಅಜ್ಜ ಘಟ್ಟ ಹತ್ತಿದ್ದು ಬಹಳ ಈಚೆಗೆ, ಹೊಟ್ಟೆಪಾಡಿಗೆ. ಅಡಿಕೆ ತೋಟದಲ್ಲಿ ಕೂಲಿ ಮಾಡಿ, ಆಮೇಲೆ ಗೇಣಿಗೆ ಗದ್ದೆ ಹಿಡಿದರು. 1974ರ ಭೂಸುಧಾರಣೆ ಕಾಯಿದೆಯ ನಂತರವೇ ಆ ಗದ್ದೆ ನಮ್ಮದಾದದ್ದು.

ಅಷ್ಟರಲ್ಲಿ ಮನೆ ಒಬ್ಬಳನ್ನು ಕಳೆದುಕೊಂಡಾಗಿತ್ತು. ನನ್ನ ಸೋದರತ್ತೆ, ಅಪ್ಪನ ಅಕ್ಕ, 1958ರ ತಪಸ್ಸುಕಾಲದಲ್ಲಿ ತೀರಿಕೊಂಡಳು. ಹತ್ತೊಂಬತ್ತು ವರ್ಷ, ಈಸ್ಟರ್ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಪಕ್ಕದ ಮನೆಯ ಗೆಳತಿಯೊಡನೆ ದಿನಾ ದರಗಿಗೆ ಹೋಗುತ್ತಿದ್ದವಳು. ಒಂದು ಸಂಜೆ ತಲೆ ಸಿಡಿಯುತ್ತದೆ, ಸೊಂಟ ಮುರಿದಂತಾಗಿದೆ ಎಂದು ಮಲಗಿದಳು. ಕಣ್ಣು ಕೆಂಡದಂತಾಗಿತ್ತು. ವಾರ ಕಳೆದು ಜ್ವರ ಬಿಟ್ಟಿತು, ಎದ್ದು ಕೂತು ಗಂಜಿ ಕುಡಿದಳು. ಎಲ್ಲರೂ ದೇವರು ದೊಡ್ಡವನು ಎಂದರು. ಈ ಜ್ವರ ಕೆಲವರಿಗೆ ಬಿಟ್ಟಂತೆ ಮಾಡಿ ಎರಡನೇ ಸಲ ಬರುತ್ತದೆಂದು ಆಗ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಗೆಳತಿಯೂ ಅದೇ ವಾರ ಹೋದಳು. ಹತ್ತಿರದಲ್ಲಿ ಇಗರ್ಜಿ ಇರಲಿಲ್ಲ. ಅಜ್ಜನೇ ಜಪಸರ ಹಿಡಿದು ಪ್ರಾರ್ಥನೆ ಹೇಳಿ ಮಣ್ಣು ಮಾಡಿದರು. ಪಾದ್ರಿಗಳು ಬಂದು ಸಮಾಧಿಯನ್ನು ಆಶೀರ್ವದಿಸಿದ್ದು ಎಷ್ಟೋ ದಿನಗಳ ಮೇಲೆ. (ಶಿವಮೊಗ್ಗ ಪ್ರತ್ಯೇಕ ಧರ್ಮಕ್ಷೇತ್ರವಾದದ್ದೇ 1988ರಲ್ಲಿ.)

ಊರಲ್ಲಿ ಮಾತಿಗೇನು ಬರವೇ? ಆಂಜನೇಯನ ಮುನಿಸು ಎಂದರು ಕೆಲವರು. ಪೂಜೆ ತಪ್ಪಿಸಿ ದುಡಿಮೆಗೆ ಹೋದದ್ದಕ್ಕೆ ಶಿಕ್ಷೆ ಎಂದು ಘಟ್ಟದ ಕೆಳಗಿನ ನಮ್ಮ ಬಂಧುಗಳೇ ಅಂದರು. ಅಜ್ಜಿ ಎರಡನ್ನೂ ಒಪ್ಪಲಿಲ್ಲ. "ದೇವರಿಗೆ ಏನಾದರೂ ಹೇಳುವುದಿದ್ದರೆ ನನಗೇ ಹೇಳುತ್ತಾನೆ, ಉಣುಗಿನ ಕೈಲಿ ಹೇಳಿಕಳಿಸುವವನಲ್ಲ" ಎಂದಿದ್ದಳಂತೆ. ಓದು ಬಾರದವಳ ಈ ಮಾತು ನನಗೆ ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚಿನದಾಗಿ ಕಾಣುತ್ತದೆ. ಆದರೆ ಅಜ್ಜಿ ಆಮೇಲೆ ಹಾಡುವುದನ್ನು ಬಿಟ್ಟಳು. ನಂಬಿಕೆ ಉಳಿದರೆ ದುಃಖ ಉಳಿಯುವುದಿಲ್ಲ ಎನ್ನುವವರು ನಮ್ಮ ಅಜ್ಜಿಯನ್ನು ನೋಡಬೇಕಿತ್ತು.

ಮನೆಯಲ್ಲಿ ಒಂದು ಕಟ್ಟಳೆ ಮಾತ್ರ ಬಂತು: ಈ ಮನೆಯ ಹೆಣ್ಣುಮಗು ದರಗಿಗೆ ಹೋಗಕೂಡದು, ಶಾಲೆಗೆ ಹೋಗಬೇಕು. ದರಗು ತರುವ ಕೆಲಸ ಅಪ್ಪ, ಚಿಕ್ಕಪ್ಪಂದಿರ ಮೇಲೆ ಬಿತ್ತು. ದನಗಳು ಹತ್ತರಿಂದ ನಾಲ್ಕಕ್ಕೆ ಇಳಿದವು. ಗೊಬ್ಬರ ಸಾಲದೆ ಗದ್ದೆ ಬಡವಾಯಿತು ಎಂದು ಅಜ್ಜ ಕೊನೆಯವರೆಗೂ ಗೊಣಗುತ್ತಿದ್ದರು. ನಾನು ಬಿ.ಎ., ಬಿ.ಎಡ್. ಓದಿದ್ದು ಆ ಬಡವಾದ ಗದ್ದೆಯ ಲೆಕ್ಕದಲ್ಲಿ.

ರೋಗ ಅಲ್ಲಿಗೇ ನಿಲ್ಲಲಿಲ್ಲ. ಕಾಡು ಕಡಿದು ದನ ನುಗ್ಗಿಸಿದ ಕಡೆಗಳಲ್ಲಿ ಅದು ಹೆಚ್ಚುತ್ತದೆಂದು ಸಂಶೋಧಕರು 1960ರ ದಶಕದಲ್ಲೇ ಹೇಳಿದ್ದರು. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಡೆ ಗೇರು ತೋಟಕ್ಕೆಂದು ಕಾಡು ಬೋಳಿಸಿದ ಮೇಲೆ 1,500ಕ್ಕೂ ಹೆಚ್ಚು ಜನರಿಗೆ ತಗುಲಿ ಸುಮಾರು 150 ಮಂದಿ ಸತ್ತರು. 2019ರಲ್ಲಿ ಸಾಗರದ ಅರಳಗೋಡಿನ ಸರದಿ. ಇದಕ್ಕೆಂದೇ ಔಷಧಿ ಇಲ್ಲ, ಆರೈಕೆಯೇ ಗತಿ. ದಶಕಗಳ ಕಾಲ ಕೊಟ್ಟ ಲಸಿಕೆಯಿಂದಲೂ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ಅದನ್ನು ಕೈಬಿಟ್ಟರು. ಕಾಡಿಗೆ ಹೋಗುವವರು ಈಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಬೇಕು. ದರಗಿಗೆ ಹೋದ ಹೆಂಗಸಿಗೆ ಬಂದ ಕೂಡಲೇ ಬಚ್ಚಲು ಯಾರು ಬಿಟ್ಟುಕೊಡುತ್ತಾರೆ, ಹೇಳಿ?

ನವೆಂಬರ್ 2, ಮೃತರ ದಿನ. ಅಜ್ಜಿ ಇರುವ ತನಕ ಅತ್ತೆಯ ಸಮಾಧಿಯ ಮೇಲೆ ಎರಡು ಮೇಣದಬತ್ತಿ ಹಚ್ಚುತ್ತಿದ್ದಳು. ಎರಡನೆಯದು ಯಾರಿಗೆಂದು ಚಿಕ್ಕವಳಿದ್ದಾಗ ಕೇಳಿದ್ದೆ. ಪಕ್ಕದ ಮನೆಯ ಆ ಹುಡುಗಿಗೆ ಎಂದಳು. ಅವರಲ್ಲಿ ಸುಟ್ಟರು, ಅವಳಿಗೆ ಕಲ್ಲಿಲ್ಲ. ಒಟ್ಟಿಗೇ ದರಗಿಗೆ ಹೋದವರು, ಇಲ್ಲೇ ಇರಲಿ ಎಂದಳು. ಅಜ್ಜಿ ಹೋದ ಮೇಲೆ ಅಮ್ಮ ಎರಡು ಹಚ್ಚಿದಳು. ಈಗ ನಾನು ಶಿಕಾರಿಪುರದಿಂದ ಬಸ್ಸಿನಲ್ಲಿ ಹೋಗುವಾಗ ಮೂರು ಕೊಂಡೊಯ್ಯುತ್ತೇನೆ. ಗಾಳಿಗೆ ಒಂದು ಆರಿದರೆ ಇರಲಿ ಎಂದು.