ಬೇಸಿಗೆಯ ಸೂಟಿ ಮತ್ತು ತಾಯಂದಿರ ದಣಿವು

ಬೇಸಿಗೆಯ ಸೂಟಿ ಬಂದೊಡನೆ ಮಕ್ಕಳನ್ನು ಸಂಭಾಳಿಸಿ ಸಾಕಾಯಿತೆಂದು ಹಳೆಯ ವಿದ್ಯಾರ್ಥಿಗಳು, ಈಗ ತಾವೇ ತಂದೆತಾಯಿಗಳಾದವರು, ಹೇಳಿಕೊಳ್ಳುವುದುಂಟು. ಈ ದಣಿವಿಗೂ ಒಂದು ಇತಿಹಾಸವಿದೆ.

ಬಸವಕಲ್ಯಾಣ, ಹುಮನಾಬಾದ್ ಕಡೆಯ ಕೂಲಿಕಾರ ತಾಯಂದಿರಿಗೆ ಸೂಟಿಯ ಭಾರವೆಂದರೆ ಮೊದಲು ಮಧ್ಯಾಹ್ನದ ಊಟ. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶಿಸಿತು. 2002ರ ಜೂನ್‌ನಲ್ಲಿ ನಮ್ಮ ಬೀದರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾಯಿತು. (ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಬಾಳಿ ತೋರಿದ ದಾಸೋಹವು ಶಾಲೆಯ ಒಲೆಗೆ ಹೆಸರಾದದ್ದು ನನಗಂತೂ ಹೆಮ್ಮೆ.) ನಸುಕಿನಲ್ಲೇ ಮಧ್ಯಾಹ್ನದ ರೊಟ್ಟಿಯನ್ನೂ ಬಡಿದಿಟ್ಟು ಹೊಲಕ್ಕೆ ಓಡುವ ಚಿಂತೆ ಕೊಂಚ ಇಳಿಯಿತು. ಆದರೆ ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದರೆ ಆ ಒಲೆಯೂ ಆರುತ್ತಿತ್ತು. 2004ರ ಏಪ್ರಿಲ್ 20ರಂದು ಅದೇ ನ್ಯಾಯಾಲಯವು ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದಿತು. ದೊಡ್ಡ ಮಾತೇ ಸರಿ. ಆದರೆ ಬರವಿಲ್ಲದ ವರ್ಷದ ಹಸಿವು ಅದರಲ್ಲಿ ಸೇರಲಿಲ್ಲ.

ಬಿಸಿಲಿನ ಕಾರಣ ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಸಮಯ ಗೊತ್ತುಮಾಡುವ ರೂಢಿಯಿದೆ. ನೌಕರಿಯಲ್ಲಿರುವ ಅಪ್ಪಂದಿರೇ, ಆ ಮಧ್ಯಾಹ್ನ ಮಕ್ಕಳು ನಿಮ್ಮ ಪಾಲಿಗಿರಲಿ. ಮನೆಯಾಕೆ ಒಂದು ತಾಸು ಮಲಗಲಿ.