71 ವರ್ಷದ ಬಾಕಿ

"ಕಾಡಿನವ್ರ ರಕ್ತಾನೇ ಹಂಗೆ ಕಣೋ." ಚಂದಕವಾಡಿ ಬಸ್ಸಲ್ಲಿ ಯಾರೋ ಸೋಲಿಗರ ಬಗ್ಗೆ ಅಂದ್ರು. ನಾನೂ ತಲೆಯಾಡಿಸಿದೆ. ಆಮೇಲೆ ಓದಿದಾಗ ನಾಚಿಕೆ ಆಯ್ತು.

ಅವರು ಹೇಳ್ತಿದ್ದದ್ದು ಸಿಕಲ್ ಸೆಲ್ ಕಾಯಿಲೆ ಬಗ್ಗೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗಿ ಸಣ್ಣ ರಕ್ತನಾಳಕ್ಕೆ ಅಡ್ಡ ಬೀಳುತ್ತೆ. ಜೀವ ಹಿಂಡೋ ನೋವು. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದ್ರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದ್ರೆ ಮಲೇರಿಯಾದಿಂದ ಒಂದಷ್ಟು ರಕ್ಷಣೆ. ಮಲೇರಿಯಾ ಹೆಚ್ಚಿದ್ದ ಕಡೆ ಅದು ಉಳ್ಕೊಂಡಿದ್ದೇ ಅದಕ್ಕೆ. ಇದರಲ್ಲಿ ಕುಲದ ದೋಷ ಎಲ್ಲಿ ಬಂತು?

1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇದನ್ನ ಮೊದಲು ದಾಖಲಿಸಿದರು. ರೋಗಿ ಗ್ರೆನಡಾದಿಂದ ಬಂದಿದ್ದ ಕಪ್ಪು ವಿದ್ಯಾರ್ಥಿ. 'ಕರಿಯರ ಕಾಯಿಲೆ' ಅನ್ನೋ ಹಣೆಪಟ್ಟಿ ಬಿತ್ತು. ಅಮೆರಿಕದಲ್ಲಿ ಅದಕ್ಕಂತಲೇ ಒಂದು ಕಾನೂನು ಬರೋಕೆ 1972 ಆಯ್ತು.

ನಮ್ಮಲ್ಲಿ? 1952ರಲ್ಲೇ ಗುಂಡ್ಲುಪೇಟೆ ಆಚೆ ನೀಲಗಿರಿಯ ಆದಿವಾಸಿಗಳಲ್ಲಿ ಇದು ಪತ್ತೆಯಾಗಿತ್ತು. ನಮ್ಮ ಸೋಲಿಗರಲ್ಲೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಹಾಡಿಗಳಿಗೆ ವೈದ್ಯ ತಲುಪೋ ಹಾಗೆ ಮಾಡಿದರು. ಆದ್ರೆ ಇಡೀ ದೇಶಕ್ಕೆ ನಿರ್ಮೂಲನಾ ಮಿಷನ್ ಶುರುವಾಗಿದ್ದು 2023ರ ಜುಲೈ 1ಕ್ಕೆ.

ಲೆಕ್ಕ ಹಾಕಿ. 71 ವರ್ಷ.

ಬಿಕಾಂನಲ್ಲಿ ಇದಕ್ಕೆ ಬಾಕಿ ಅಂತೀವಿ. ಜೀನ್ ಕಾಯಿಲೆ ಕೊಡ್ತು, ನಿಜ. ತಡ ಮಾಡಿದ್ದು 'ಅವ್ರು ಹಂಗೇ' ಅನ್ನೋ ಮನಸ್ಸು. ಅವತ್ತು ಬಸ್ಸಲ್ಲಿ ತಲೆಯಾಡಿಸಿದ ನನ್ನ ಹೆಸರಲ್ಲೂ ಸ್ವಲ್ಪ ಬಾಕಿ ಇದೆ.

ಮುಂದಿನ ಸಲ ಆ ಮಾತು ಕಿವಿಗೆ ಬಿದ್ರೆ, ಸುಮ್ನಿರಬೇಡಿ.