ನಮ್ಮ ಶಾಲೆಯ ಪುಸ್ತಕದ ಬೀರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲಾ ಗ್ರಂಥಾಲಯದ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ನಗು ಬಂತು. ನಮ್ಮ ಕಾಲದಲ್ಲಿ ಗ್ರಂಥಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಮರದ ಬೀರು. ಅದರ ಬೀಗದ ಕೈ ಕನ್ನಡ ಮೇಷ್ಟ್ರ ಜೇಬಿನಲ್ಲಿ. ಆದರೂ ಕಚೇರಿಯಲ್ಲಿ ಹುಡುಕಿದಾಗ ದಾಸ್ತಾನು ಪುಸ್ತಕವೂ ಮಕ್ಕಳಿಗೆ ಪುಸ್ತಕ ಕೊಟ್ಟ ರಿಜಿಸ್ಟರೂ ಸಿಕ್ಕವು. ಮಳೆಗಾಲದ ಥಂಡಿಗೆ ಹಾಳೆಗಳು ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ ಓದಿದೆ.

ಮೊದಮೊದಲು ಬಂದವು ನಿಘಂಟು, ವ್ಯಾಕರಣ, ಮಹಾಪುರುಷರ ಚರಿತ್ರೆ. ಅವನ್ನು ಯಾರೂ ಅಷ್ಟಾಗಿ ಒಯ್ದಂತಿಲ್ಲ. 1981ರಲ್ಲಿ ಚಿಕ್ಕಮಗಳೂರಿನಲ್ಲಿ ಪು.ತಿ. ನರಸಿಂಹಾಚಾರ್ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮೇಷ್ಟ್ರು ಅಲ್ಲಿಂದ ಒಂದು ಕಟ್ಟು ಪುಸ್ತಕವನ್ನು ಕಳಸದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರಂತೆ. ಅದರಲ್ಲಿ ಹಿಂದಿನ ವರ್ಷ ಪ್ರಕಟವಾಗಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇತ್ತು. ಮೂಡಿಗೆರೆಯ ಕಾಡು, ಜೇನು, ಮಂದಣ್ಣ, ಹಾರುವ ಓತಿ. ನಮ್ಮೂರಿನಂಥ ಊರೂ ಪುಸ್ತಕದೊಳಗೆ ಬರಬಹುದು ಎಂಬುದು ಹುಡುಗರಿಗೆ ಹೊಸ ಸುದ್ದಿ. ಆ ಪುಸ್ತಕದ ರಟ್ಟು ಎರಡು ಸಲ ಬದಲಾಗಿದೆ.

ನಾನು ಹೈಸ್ಕೂಲು ಸೇರಿದ್ದು 1994ರಲ್ಲಿ. ನಿಜ ಹೇಳಬೇಕೆಂದರೆ ನಾವು ಕದ್ದುಮುಚ್ಚಿ ಓದುತ್ತಿದ್ದುದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ, ಟಿ.ಕೆ. ರಾಮರಾವ್, ಯಂಡಮೂರಿಯವರ ‘ತುಳಸಿದಳ’. ಸಮಾಜ ಪುಸ್ತಕದ ನಡುವೆ ಇಟ್ಟುಕೊಂಡು ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬ. ಮಕ್ಕಳು ಕೆಡುತ್ತಾರೆ ಎಂದು ಪೋಷಕರ ಸಭೆಯಲ್ಲಿ ಗಲಾಟೆಯೇ ಆಯಿತು. ಮೇಷ್ಟ್ರು ವಾದ ಮಾಡಲಿಲ್ಲ. ಮುಂದಿನ ಸೋಮವಾರದಿಂದ ಕರಿಹಲಗೆಯ ಮೂಲೆಯಲ್ಲಿ ವಾರಕ್ಕೊಂದು ಪುಸ್ತಕದ ಹೆಸರು ಬರೆಯತೊಡಗಿದರು. ಮೊದಲನೆಯದೇ ತೇಜಸ್ವಿಯವರು ಕೆನೆತ್ ಆಂಡರ್ಸನ್ ಬರಹಗಳಿಂದ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’. ಆಂಡರ್ಸನ್ ಬೇಟೆಯಾಡಿದ ನರಭಕ್ಷಕಗಳಲ್ಲಿ ಒಂದು ನಮ್ಮ ಜಿಲ್ಲೆಯದೇ, ಕಡೂರು ಕಡೆಯ ಎಮ್ಮೆದೊಡ್ಡಿಯದು ಎಂದು ಅವರು ಹೇಳಿದ ದಿನ ಬೀರುವಿನ ಮುಂದೆ ಸಾಲು ನಿಂತಿತು. ಆ ವರ್ಷದ ರಿಜಿಸ್ಟರಿನಲ್ಲಿ ಪುಟಗಟ್ಟಲೆ ಅದೇ ಹೆಸರು. ಆಮೇಲೆ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’, ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’. ಕೊಲೆ, ಕಳ್ಳಸಾಗಣೆ, ಏಲಕ್ಕಿ ಎಲ್ಲ ಇರುವ ಇವುಗಳಿಗೆ ಯಾವ ಪೋಷಕರೂ ಆಕ್ಷೇಪಿಸಲಿಲ್ಲ. ಬಹುಶಃ ಓದಿರಲಿಲ್ಲ.

ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಿಗೆ ನಮ್ಮನ್ನು ಕರೆದೊಯ್ಯುತ್ತಿದ್ದುದು ಮೆರವಣಿಗೆಯಲ್ಲಿ ಬಾವುಟ ಹಿಡಿಯಲು. ಭಾಷಣ ಒಂದೂ ನೆನಪಿಲ್ಲ, ಪುಸ್ತಕದ ಮಳಿಗೆ ನೆನಪಿದೆ.

ರಿಜಿಸ್ಟರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 1996ರ ಜನವರಿಯ ಒಂದು ಸಾಲು. ಎಸ್ಟೇಟ್ ಲೈನಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅವರ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಸಂಜೆ ಲೈನಿನ ಜಗಲಿಯಲ್ಲಿ ಹುಲಿಯ ಕಥೆ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಹೆಂಗಸರೆಲ್ಲ ಕೂತು ಕೇಳುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕಾಫಿ ಕುಯ್ಲಿನ ಸಮಯದಲ್ಲಿ ಅವಳು ಬರುವುದು ನಿಂತಿತು. ಅವರ ಮನೆಯವರು ಬೇರೆ ತೋಟಕ್ಕೆ ಹೋದರಂತೆ. ‘ಕಾಡಿನ ಕಥೆಗಳು’ ಒಂದು ಭಾಗ ಅವಳ ಬಳಿಯೇ ಉಳಿಯಿತು. ಕ್ಲಾಸ್ ಲೀಡರ್ ಆಗಿದ್ದ ನಾನು ಎಲ್ಲರೆದುರು ಎದ್ದು, “ಸಾರ್, ಅವಳು ಪುಸ್ತಕ ಕದ್ಕೊಂಡು ಹೋಗಿದ್ದಾಳೆ” ಎಂದೆ.

“ಕದ್ದದ್ದು ನೀನು ನೋಡಿದ್ಯೇನೋ?” ಎಂದರು ಮೇಷ್ಟ್ರು. ಅಷ್ಟೇ. ನಾನು ಕೂತೆ. ಆದರೆ ಕಳ್ಳಿ ಎಂಬ ಮಾತು ತರಗತಿಯಲ್ಲಿ ಉಳಿದುಕೊಂಡಿತು. ಅದನ್ನು ಹುಟ್ಟಿಸಿದವನು ನಾನು.

ಈಗ ನೋಡಿದರೆ, ಅವಳ ಹೆಸರಿನ ಮುಂದೆ ‘ವಾಪಸ್ ಬಂದ ತಾರೀಖು’ ಎಂಬಲ್ಲಿ ಮೇಷ್ಟ್ರ ದುಂಡು ಅಕ್ಷರದಲ್ಲಿ “ಬೆಲೆ ಸಂದಾಯವಾಗಿದೆ” ಎಂದಿದೆ. ಯಾರು ಕೊಟ್ಟರೆಂದು ಬರೆದಿಲ್ಲ. ಕೆಳಗೆ ಅವರದೇ ರುಜು. ಮೇಷ್ಟ್ರು ಈಗಿಲ್ಲ, ಕೇಳುವಂತಿಲ್ಲ.

ತೇಜಸ್ವಿಯವರು 2007ರ ಏಪ್ರಿಲ್ 5ರಂದು ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ನಮ್ಮ ಶಾಲೆಯಲ್ಲೂ ಬೀರು ಹೋಗಿ ಒಂದು ಕೊಠಡಿಯೇ ಆಗಿದೆ. ಬೀಗ ಹಾಕುವುದು ಸಂಜೆ ಮಾತ್ರ. ಹೊಸ ರಿಜಿಸ್ಟರಿನಲ್ಲೂ ‘ಜುಗಾರಿ ಕ್ರಾಸ್’ ಕಪಾಟಿನಲ್ಲಿ ನಿಂತದ್ದು ಕಡಿಮೆ.

ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳ ಕೈಗೆಲ್ಲ ಹೋಗುತ್ತದೆ ಎಂದು ಸಮಿತಿಯವರು ಹೇಳಿದ್ದಾರೆ. 1996ರಲ್ಲಿ ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ ಆ ಸಹಪಾಠಿ ಎಲ್ಲಿದ್ದಾರೆಂದು ತಿಳಿದವರು ದಯವಿಟ್ಟು ಈ ಪುಟ ಅವರಿಗೆ ತೋರಿಸಿ. ಪುಸ್ತಕದ ಲೆಕ್ಕ ಅಂದೇ ಚುಕ್ತಾ ಆಗಿದೆ, ವಾಪಸ್ ತರಬೇಕಿಲ್ಲ. ಮಹೋತ್ಸವಕ್ಕೆ ಬಂದರೆ ನಾನು ಗೇಟಿನ ಹತ್ತಿರವೇ ಇರುತ್ತೇನೆ. ಅವರಿಗೆ ಹೇಳಬೇಕಾದ ಮಾತೊಂದು ಬಾಕಿ ಇದೆ.